ವಾಪಸು ಬಂದ ಪಾಲು

ಆಲೂರಿನಲ್ಲಿ ಮದುವೆ ವಿಡಿಯೊ ತೆಗೆಯುವ ಸುನಿಲ್‌ಕುಮಾರನಿಗೆ ಸಿನಿಮಾ ಮಾಡುವ ಹುಚ್ಚು ಹತ್ತಿತು. ಹತ್ತು ವರ್ಷ ಧಾರೆ, ಆರತಕ್ಷತೆ, ಹೆಣ್ಣಿನ ಕಡೆಯವರ ಅಳು, ಗಂಡಿನ ಕಡೆಯವರ ಊಟ ಇವನ್ನೇ ತೆಗೆದು ತೆಗೆದು ಬೇಸತ್ತವನು ಭಯದ ಸಿನಿಮಾಕ್ಕೆ ಕೈ ಹಾಕಿದ್ದು ಯಾರಿಗೂ ಆಶ್ಚರ್ಯವಾಗಲಿಲ್ಲ. ಕತೆಯೂ ಅವನದೇ. ನಾಲ್ವರು ಗೆಳೆಯರು ಗುಡ್ಡ ಹತ್ತುತ್ತಾರೆ, ಅಲ್ಲಿ ಯಾವುದೋ ಹೊಂಡದ ನೀರು ಕುಡಿದ ಮೂವರಿಗೆ ಮೃಗದ ಹಸಿವು ಬರುತ್ತದೆ, ಕುಡಿಯದೆ ಉಳಿದ ನಾಲ್ಕನೆಯವನನ್ನು ಅವರು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾರೆ. ಹಾಡಿಲ್ಲ, ನಾಯಕಿಯಿಲ್ಲ. ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಯೂಟ್ಯೂಬಿಗೆ ಬಿಡುವುದು.

ನಟರಿಗಾಗಿ ಅವನು ದೂರ ಹುಡುಕಲಿಲ್ಲ. ಕೆ. ಹೊಸಕೋಟೆಯಲ್ಲಿ ಪಿಕಪ್ ಓಡಿಸುವ ಧರ್ಮ, ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಹಾಜರಿ ಪುಸ್ತಕ ಬರೆಯುವ ರೈಟರ್ ಆಗಿರುವ ಯೋಗಾನಂದ, ಅದೇ ಎಸ್ಟೇಟಿನ ವಾಚ್‌ಮನ್ ಲಕ್ಕಪ್ಪ. ಜೊತೆಗೆ ತಾನು. ಲಕ್ಕಪ್ಪ ಉಳಿದವರಿಗಿಂತ ಹತ್ತು ವರ್ಷ ಹಿರಿಯ, ಎಲ್ಲರಿಗೂ ಲಕ್ಕಣ್ಣ. ಭಾನುವಾರ ಇಸ್ಪೀಟಿಗೆ ಕೂರುವ ನಾಲ್ವರೇ ಸಿನಿಮಾದಲ್ಲೂ ನಾಲ್ವರು. ಲಕ್ಕಪ್ಪ ಒಪ್ಪುತ್ತಾನೆಂದು ಮಾತ್ರ ಧರ್ಮ ಎಣಿಸಿರಲಿಲ್ಲ. ಆಧಾರ್ ಕಾರ್ಡಿನ ಫೋಟೊಗೂ ಮುಖ ತಿರುಗಿಸಿ ನಿಂತಿದ್ದ ಮನುಷ್ಯ ಅವನು.

ಲಕ್ಕಪ್ಪ ಮಾತು ಕಡಿಮೆ ಮಾಡಿ ಎರಡು ವರ್ಷವಾಗಿತ್ತು. ಅದಕ್ಕೆ ಕಾರಣ ಒಂದು ಹಂದಿ. ನಾಲ್ವರೂ ಸೇರಿ ಎಸ್ಟೇಟಿನ ಹಿಂದಿನ ಹಳ್ಳದಲ್ಲಿ ಬೈಕಿನ ಕ್ಲಚ್ ವೈರಿನಿಂದ ಉರುಳು ಕಟ್ಟಿದ್ದರು. ಹಂದಿ ಬಿತ್ತು. ಬಾಳೆ ಎಲೆಯ ಮೇಲೆ ನಾಲ್ಕು ಪಾಲು ಹಾಕಿದರು. ಪಾಲು ಹಂಚುವುದಕ್ಕೊಂದು ಕ್ರಮವಿದೆ. ಒಬ್ಬ ಬೆನ್ನು ತಿರುಗಿಸಿ ನಿಲ್ಲಬೇಕು, ಇನ್ನೊಬ್ಬ ಒಂದು ಗುಡ್ಡೆಯ ಮೇಲೆ ಕೈಯಿಟ್ಟು "ಇದು ಯಾರಿಗೆ?" ಅನ್ನಬೇಕು, ಬೆನ್ನು ತಿರುಗಿಸಿದವನು ನೋಡದೆ ಹೆಸರು ಹೇಳಬೇಕು. ಮೂಳೆ ಬಂದವನು ಮುನಿಸಿಕೊಳ್ಳುವ ಹಾಗಿಲ್ಲ. ಇನ್ನೊಂದು ಕಟ್ಟಳೆಯೂ ಉಂಟು, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪಾಲು ಉಂಡವನ ಬಾಯಿಗೆ ಬೀಗ. ಉಂಡ ಮೇಲೆ ಅವನೂ ತಪ್ಪಿನಲ್ಲಿ ಪಾಲುದಾರನೇ ಅಲ್ಲವೇ?

ಎಂಟು ದಿನಕ್ಕೆ ಫಾರೆಸ್ಟಿನವರು ನೇರವಾಗಿ ಲಕ್ಕಪ್ಪನ ಮನೆಗೆ ಬಂದು, ಅಟ್ಟದ ಮೇಲಿದ್ದ ವೈರನ್ನೂ ಹಂದಿಯ ಕೋರೆಯನ್ನೂ ತೆಗೆದರು. ಲಕ್ಕಪ್ಪ ಉಳಿದ ಮೂವರ ಹೆಸರು ಹೇಳಲಿಲ್ಲ. ಇಪ್ಪತ್ತೆರಡು ದಿನ ಒಳಗಿದ್ದ. ಹದಿನಾಲ್ಕನೆಯ ದಿನ ಅವನ ತಾಯಿ ಚೆಲುವಮ್ಮ ತೀರಿಕೊಂಡಳು. ಒಬ್ಬನೇ ಮಗ ಇದ್ದೂ ಕೊಳ್ಳಿ ಇಟ್ಟವನು ತಂಗಿಯ ಗಂಡ. ಹೊರಗೆ ಬಂದ ಲಕ್ಕಪ್ಪ ಅಳಲಿಲ್ಲ, ಯಾರು ಹೇಳಿಕೊಟ್ಟರೆಂದು ಕೇಳಲೂ ಇಲ್ಲ. ಹೋಗಿದ್ದ ವಾಚ್‌ಮನ್ ಕೆಲಸವನ್ನು ಯೋಗಾನಂದ ಎಸ್ಟೇಟಿನ ಸಾಹುಕಾರರ ಕಾಲು ಹಿಡಿದು ಮತ್ತೆ ಕೊಡಿಸಿದ. ಲಕ್ಕಪ್ಪ ಕೆಲಸಕ್ಕೆ ಹೋದ, ಭಾನುವಾರ ಇಸ್ಪೀಟಿಗೂ ಬಂದ.

ಈ ಕತೆಯಲ್ಲಿ ಧರ್ಮನದೊಂದು ಗುಟ್ಟಿತ್ತು. ಅವನ ಪಾಲನ್ನು ಹೆಂಡತಿ ಶೀಲಾ ಅದೇ ಸಂಜೆ ಚೆಲುವಮ್ಮನ ಕೈಗೆ ವಾಪಸು ಕೊಟ್ಟು ಬಂದಿದ್ದಳು. ಮದುವೆಯಾಗಿ ಏಳು ವರ್ಷ, ಮಕ್ಕಳಿರಲಿಲ್ಲ. ನಲವತ್ತೆಂಟು ದಿನ ಮನೆಯೊಳಗೆ ಮಾಂಸ ತರುವುದಿಲ್ಲವೆಂದು ಅವಳು ಹರಕೆ ಹೊತ್ತಿದ್ದಳು. ಗೆಳೆಯರಿಗೆ ಇದನ್ನು ಹೇಳುವುದಕ್ಕಿಂತ ಧರ್ಮ ಪಿಕಪ್ಪನ್ನು ಹೇಮಾವತಿ ಹೊಳೆಗೆ ಬಿಡುತ್ತಿದ್ದ. ‘ಏನೋ, ಹರಕೆ ಹೊತ್ತರೆ ಆಗುತ್ತೇನೋ, ನೀನೇನು ಮಾಡ್ತಿದ್ದೀಯಾ’ ಎಂದು ಇಸ್ಪೀಟಿನ ನಡುವೆ ಕಿಸಕ್ಕನೆ ನಗುವವರ ಮುಂದೆ ಯಾವ ಗಂಡಸು ಹೇಳಿಯಾನು? ಯಾರಾದರೂ ಕೇಳಿದರೆ ಹೊಟ್ಟೆ ಕೆಟ್ಟಿತ್ತು ಅನ್ನೋಣವೆಂದುಕೊಂಡ, ಯಾರೂ ಕೇಳಲಿಲ್ಲ. ಆಮೇಲೆ ಮರೆತ. ಮಗುವೂ ಆಗಲಿಲ್ಲ.

ಕಾಫಿ ಕೊಯ್ಲು ಮುಗಿದು, ಗಿಡ ಹೂ ಬಿಡಿಸುವ ಹೂಮಳೆಗೆ ಎಲ್ಲರೂ ಆಕಾಶ ನೋಡುತ್ತಿದ್ದ ದಿನಗಳು. ಸಿನಿಮಾ ತೆಗೆಯಲೆಂದು ಬೆಳಿಗ್ಗೆ ಹತ್ತಕ್ಕೆ ನಾಲ್ವರೂ ಗುಡ್ಡದ ನೆತ್ತಿಯಲ್ಲಿದ್ದರು. ಮೇಲೆ ಒಣಹುಲ್ಲು, ಕೆಳಗೆ ಮಡಿಲಿನಂಥ ಇಳಿಜಾರಿನಲ್ಲಿ ಕಾಡು, ಅದರಾಚೆ ಎಸ್ಟೇಟಿನ ಬೇಲಿ. ಯೋಗಾನಂದ ಎಸ್ಟೇಟಿನ ಕೋವಿಯನ್ನು ಸಾಹುಕಾರರಿಗೆ ತಿಳಿಯದ ಹಾಗೆ ತಂದಿದ್ದ. "ತೋಟಾ ಇಲ್ಲ ಕಣ್ರೋ, ಬರೀ ಶೋಕಿಗೆ" ಅಂದ. ಸುನಿಲ್ ಬೀಟ್‌ರೂಟ್ ರಸವನ್ನು ಬಾಟಲಿಯಲ್ಲಿ ತಂದಿದ್ದ. ಯೋಗಾನಂದ ಅದನ್ನು ಬಾಯಿಗೂ ಗಲ್ಲಕ್ಕೂ ಬಳಿದುಕೊಂಡು, ಮೃಗಕ್ಕಿಂತ ಹೆಚ್ಚಾಗಿ ಎಲೆಅಡಿಕೆ ಹಾಕಿಕೊಳ್ಳಲು ಬಾರದವನ ಹಾಗೆ ಕಾಣುತ್ತಿದ್ದ. ಲಕ್ಕಪ್ಪನ ಕಡೆ ಬಾಟಲಿ ಚಾಚಿದಾಗ ಅವನು "ನಂಗ್ ಬ್ಯಾಡ" ಅಂದ.

ಓಡುವವನು ಯಾರೆಂದು ಇನ್ನೂ ನಿಶ್ಚಯವಾಗಿರಲಿಲ್ಲ. ಸುನಿಲ್ ನಾಲ್ಕು ಕಲ್ಲು ಇಟ್ಟ, ಒಂದಕ್ಕೆ ಕೆಂಪು ಬಳಿದ. ಲಕ್ಕಪ್ಪ ಬೆನ್ನು ತಿರುಗಿಸಿ ನಿಂತ. ಯೋಗಾನಂದ ಕಲ್ಲಿನ ಮೇಲೆ ಕೈಯಿಟ್ಟು ಕೇಳುತ್ತ ಹೋದ. ಮೊದಲನೆಯದಕ್ಕೆ ಸುನಿಲ್, ಎರಡನೆಯದಕ್ಕೆ ಯೋಗ. ಕೆಂಪು ಕಲ್ಲಿಗೆ ಕೈಯಿಟ್ಟಾಗ ಯೋಗಾನಂದನಿಗೆ ಕೆಮ್ಮು ಬಂತು.

"ಧರ್ಮ," ಅಂದ ಲಕ್ಕಪ್ಪ.

ಧರ್ಮ ಖುಷಿಪಟ್ಟ. ಓಡುವವನೇ ಹೀರೊ ಅಲ್ಲವೇ? ನೆತ್ತಿಯಿಂದ ಕಾಡಿನೊಳಗೆ ಇಳಿದು, ಬೇಲಿ ಮುರಿದ ಕಂಡಿಯ ತನಕ ಓಡಬೇಕು. ಯೋಗಾನಂದ ಹಿಂದಿನಿಂದ ಹಂದಿ ಎಬ್ಬಿಸುವ ಹಾಗೆ ಕೂಗು ಹಾಕುತ್ತ ಬರುತ್ತಾನೆ. ಸುನಿಲ್ ನೆತ್ತಿಯಲ್ಲಿ ನಿಂತು ಡ್ರೋನ್ ಬಿಡುತ್ತಾನೆ. ಲಕ್ಕಪ್ಪ ಕೋವಿ ಹಿಡಿದು ಮೊದಲೇ ಕೆಳಗಿಳಿದು ಹೋದ.

ಅರ್ಧ ದಾರಿ ಚೆನ್ನಾಗಿಯೇ ಹೋಯಿತು. ಧರ್ಮ ಹಿಂತಿರುಗಿ ನೋಡಿ ಹೆದರಿದಂತೆ ನಟಿಸಿದ, ಒಂದು ಕಡೆ ಬೇಕೆಂದೇ ಬಿದ್ದ, ಎದ್ದಾಗ ಡ್ರೋನ್ ಕಡೆ ಮುಖ ಸರಿಯಾಗಿ ಬರಲೆಂದು ಒಂದು ಕ್ಷಣ ನಿಂತ. ಹಿಂದೆ ಯೋಗಾನಂದನ "ಹೋ... ಹೊಹೊಹೋ" ಕಾಡು ತುಂಬಿತ್ತು. ಮರದ ಬೇರು ದಾಟುವಾಗ ಆ ಕೂಗು ನಿಂತಿತು.

ಧರ್ಮನೂ ನಿಂತ. ಹಂದಿ ಎಬ್ಬಿಸುವವನು ದಣಿದರೂ ಕೂಗು ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಒಂದೇ ಕಾರಣಕ್ಕೆ: ಪ್ರಾಣಿ ಕೋವಿಯ ಅಳತೆಗೆ ಬಂದಾಗ. ಇನ್ನು ಬೆದರಿಸಿ ದಾರಿ ತಪ್ಪಿಸಬಾರದೆಂದು. ಯೋಗಾನಂದನಿಗೆ ಇದು ಗೊತ್ತು. ಹತ್ತು ಸಲ ಜೊತೆಗೆ ಹಳು ನುಗ್ಗಿ ಹಂದಿ ಎಬ್ಬಿಸಿದವನು. ಧರ್ಮ "ಯೋಗ" ಎಂದು ಕರೆದ. ಉತ್ತರವಿಲ್ಲ. ಎಡಕ್ಕೆ ಸರಿದ, ತಲೆಯ ಮೇಲಿನ ಡ್ರೋನೂ ಎಡಕ್ಕೆ ಸರಿಯಿತು. ಬಲಕ್ಕೆ ಬಂದ, ಅದೂ ಬಂತು. ಸಿನಿಮಾಕ್ಕೆ ಹಾಗೆ ಬರಲೇಬೇಕು, ಅದರಲ್ಲೇನು ವಿಶೇಷ ಎಂದು ಅವನು ತನಗೆ ತಾನೇ ಹೇಳಿಕೊಂಡ. ಆದರೂ ಕೆಂಪು ಕಲ್ಲಿಗೆ ಬಂದ ಆ ಕೆಮ್ಮು ಈಗ ನೆನಪಾಯಿತು, ಅದು ಲಕ್ಕಪ್ಪನಿಗೆ ಕೊಟ್ಟ ಸನ್ನೆಯೇ ಇರಬೇಕು. ಹೆದರಿದ ಧರ್ಮ ನಿಜವಾಗಿಯೇ ಓಡಿದ.

ಕಂಡಿಗೆ ಹತ್ತು ಹೆಜ್ಜೆ ಇರುವಾಗ ಉರುಳು ಅವನ ಪಾದ ಹಿಡಿದು ಎಳೆಯಿತು. ಬಿದ್ದವನ ಬಾಯಿಗೆ ಮಣ್ಣು ಬಂತು. ಹಂದಿಗೆ ಕಟ್ಟುವ ಉರುಳು ಮೊಣಕಾಲಿನ ಎತ್ತರಕ್ಕಿರುತ್ತದೆ, ಇದನ್ನು ಹಿಮ್ಮಡಿಯ ಎತ್ತರಕ್ಕೆ ಕಟ್ಟಿ ತರಗೆಲೆ ಹರವಿದ್ದರು. ವೈರು ಹೊಸದು. ಎಳೆದಷ್ಟೂ ಒಳಗಿಳಿಯುತ್ತಿತ್ತು.

ಲಕ್ಕಪ್ಪ ಎದುರಿನ ಬಂಡೆಯ ಮೇಲೆ ಕೂತಿದ್ದ. ಜೇಬಿನಿಂದ ತೋಟಾ ತೆಗೆದು ಕೋವಿಗೆ ತುಂಬಿದ. ಅವಸರವಿರಲಿಲ್ಲ. ಹಿಂದಿನಿಂದ ಯೋಗಾನಂದ ಏದುಸಿರು ಬಿಡುತ್ತ ಬಂದು ನಿಂತ. ತೋಟಾ ನೋಡಿ ಅವನ ಬೀಟ್‌ರೂಟ್ ಬಣ್ಣದ ಕೆಳಗಿನ ಮುಖ ಬಿಳಿಚಿಕೊಂಡಿತು. ಕೋವಿ ಶೋಕಿಗೆ ಅಂತಲೇ ಅವನೂ ನಂಬಿದ್ದ.

"ಪಾಲು ಯಾಕ್ಲಾ ವಾಪಸ್ ಕಳ್ಸ್ದೆ?" ಅಂದ ಲಕ್ಕಪ್ಪ.

ಧರ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಯಾವ್ ಪಾಲು?"

"ನಮ್ಮವ್ವ ಜೈಲಿಗ್ ಬಂದಾಗ ಹೇಳುದ್ಲು. ಧರ್ಮನ್ ಹೆಂಡ್ರು ಪಾಲು ತಂದ್ ಕೊಟ್ಬುಟ್ಟು ಹೋದ್ಲು ಕಣಪ್ಪ ಅಂತ. ಅದೇ ಕೊನೆ ಮಾತು ನಂತಾವ. ತಿಂದೋನು ಹೇಳಾಕಾಗಲ್ಲ. ತಿನ್ನದಿದ್ದೋನು ನೀನೊಬ್ನೇಯ."

"ಹೇಳ್ಬುಡೋ ಮಾರಾಯ," ಅಂದ ಯೋಗಾನಂದ, ಕೋವಿಯಿಂದ ಕಣ್ಣು ತೆಗೆಯದೆ. "ಒಪ್ಕಂಡ್ರೆ ಮುಗೀತು. ಹೆದರ್ಸಿ ಕೇಳಾನ ಅಂತ ಅಷ್ಟೇಯ ನಾವು ಬಂದಿದ್ದು."

ಎರಡು ವರ್ಷ ಲಕ್ಕಪ್ಪ ಇಸ್ಪೀಟಿನ ಎಲೆ ಹಂಚುತ್ತ ತನ್ನನ್ನು ನೋಡುತ್ತಿದ್ದದ್ದು ಹೀಗೆ ಎಂದು ಧರ್ಮನಿಗೆ ಹೊಳೆಯಿತು. ಅವನಿಗೆ ಪ್ರಾಣಭಯವಾಯಿತು, ಅದಕ್ಕಿಂತ ಹೆಚ್ಚಾಗಿ ಹೊಟ್ಟೆಯುರಿಯಿತು. ತಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ನಿಜ ನಾಲಿಗೆಯ ತುದಿಯಲ್ಲಿತ್ತು, ಒಂದೇ ಮಾತು: ಹೆಂಡತಿ ಹರಕೆ ಹೊತ್ತಿದ್ದಳು, ಮಗುವಿಗೆ. ಕಾಲಿಗೆ ಉರುಳು ಬಿದ್ದಿದೆ, ಎದುರಿಗೆ ತುಂಬಿದ ಕೋವಿ ಇದೆ, ಆಗಲೂ ಅವನ ಬಾಯಿಗೆ ಅದು ಬರಲಿಲ್ಲ. ಹೇಳಿದರೆ ನಂಬುತ್ತಾರೋ ಇಲ್ಲವೋ ಎಂಬ ಯೋಚನೆ ಆಮೇಲಿನದು. ಮೊದಲು ಬಂದದ್ದು ನಾಚಿಕೆ. ನಿಜಕ್ಕೆ ನಾಚುವವನಿಗೆ ಸುಳ್ಳು ಸುಲಭ.

"ನಾನಲ್ಲ ಲಕ್ಕಣ್ಣ," ಅಂದ. "ಯೋಗ."

ಯೋಗಾನಂದ ನಕ್ಕ. "ಏನ್ಲಾ ಹೇಳ್ತಿದ್ದಿ?"

"ನಂಗೆ ಹೊಟ್ಟೆ ಕೆಟ್ಟಿತ್ತು, ಕಳ್ಸ್‌ಬುಟ್ಟೆ. ಮನ್ಸಲ್ಲಿ ಕಳ್ಳ ಇದ್ದೋನು ಪಾಲು ವಾಪಸ್ ಕೊಟ್ಟು ಸಿಕ್ಕಾಕ್ಕತಾನಾ? ತಿಂದು ತೋರುಸ್ತಾನೆ." ಧರ್ಮನ ಮಾತು ತಾನಾಗಿಯೇ ದಾರಿ ಮಾಡಿಕೊಂಡು ಹೊರಟಿತು. "ನಿನ್ ಕೆಲ್ಸ ಮತ್ತೆ ಕೊಡ್ಸ್ದೋನು ಯಾರು ಲಕ್ಕಣ್ಣ? ಸಾವ್ಕಾರ್ರ ಕಾಲ್ ಹಿಡ್ದೋನು ಯಾರು? ನಾವು ಹಿಡ್ದ್ವಾ? ಸುನಿಲ ಹಿಡಿದ್ನಾ? ಪಾಪ ಮಾಡಿದ್ದೋನ್ಗೆ ಅಲ್ವಾ ಪರಿಹಾರ ಬೇಕಾಗದು?"

ಹಳೆಯ ಲೆಕ್ಕವೊಂದು ಹೊಸದಾಗಿ ಕೂಡಿ ಬರುತ್ತಿರುವುದು ಲಕ್ಕಪ್ಪನ ಹಣೆಯಲ್ಲಿ ಕಾಣುತ್ತಿತ್ತು. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಸುಮ್ಮನೆ ಉಪಕಾರ ಮಾಡುತ್ತಾನೆಂದು ನಂಬುವುದು ಯಾವ ಊರಿನಲ್ಲೂ ಅಷ್ಟು ಸುಲಭವಲ್ಲ. ಅವನು ಕೋವಿಯ ಬಾಯಿಯನ್ನು ಯೋಗಾನಂದನ ಕಡೆ ತಿರುಗಿಸಿದ.

"ಹೌದೇನ್ಲಾ ಯೋಗ?"

ಯೋಗಾನಂದ ಒಂದು ಹೆಜ್ಜೆ ಹಿಂದಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಗಾದೆ ಮಾಡಿದವರು ಕೋವಿಯ ಎದುರು ನಿಂತಿರಲಿಲ್ಲ, ಅಲ್ಲಿ ಕಳ್ಳನಲ್ಲದವನೂ ಮುಟ್ಟಿಕೊಳ್ಳುತ್ತಾನೆ. ಇನ್ನೊಂದು ಹೆಜ್ಜೆ ಇಟ್ಟ. ಆಮೇಲೆ ತಿರುಗಿ ಕಾಡಿನೊಳಗೆ ಓಡಿದ.

ಅಷ್ಟು ಸಾಕಾಗಿತ್ತು. ಲಕ್ಕಪ್ಪ ಬಂಡೆಯಿಂದಿಳಿದು ಧರ್ಮನ ಪಾದದ ವೈರು ಸಡಿಲಿಸಿದ. ಗಾಯ ನೋಡಿ, "ಮನೆಗೋಗಿ ಅರಿಶಿನ ಹಾಕ್ಕ" ಅಂದ, ನಿಜವಾದ ಕಾಳಜಿಯಿಂದ. ಆಮೇಲೆ ಗದ್ದ ಎತ್ತಿ ಮೇಲಿನ ಇಳಿಜಾರು ತೋರಿಸಿದ: ನೀನು ಅಲ್ಲಿಂದ ಅವನನ್ನು ಎಬ್ಬಿಸಿಕೊಂಡು ಬಾ, ನಾನು ಇಲ್ಲಿ ಕೂರುತ್ತೇನೆ.

ಧರ್ಮ ಹೊರಟುಹೋಗಬಹುದಿತ್ತು. ಕಂಡಿ ದಾಟಿದರೆ ಎಸ್ಟೇಟಿನ ದಾರಿ, ಅರ್ಧ ಗಂಟೆಗೆ ಹೊಸಕೋಟೆ. ಹೊರಟರೆ ಲಕ್ಕಪ್ಪನ ಲೆಕ್ಕ ಮತ್ತೆ ತನ್ನ ಕಡೆಗೇ ತಿರುಗುತ್ತದೆಂದು ಅವನಿಗೆ ಅನ್ನಿಸಿತು. ಕುಂಟುತ್ತ ಮೇಲೆ ಹತ್ತಿದ. ನಾಲ್ಕು ಹೆಜ್ಜೆಗೊಮ್ಮೆ ಹುಸಿಯಾಗಿ ಕೂಗು ಹಾಕತೊಡಗಿದ, ಬರುಬರುತ್ತ ಅದು ಹುಸಿಯಾಗಿ ಉಳಿಯಲಿಲ್ಲ. ತನ್ನ ಗಂಟಲಿಗೆ ಇಷ್ಟು ದೊಡ್ಡ ದನಿಯಿದೆಯೆಂದು ಅವನಿಗೇ ತಿಳಿದಿರಲಿಲ್ಲ. ಕಾಲಿನ ನೋವು ಎಲ್ಲಿ ಹೋಯಿತೋ. ಗಾಳಿ ಯಾವ ಕಡೆಗಿದೆ, ಯಾವ ತರಗೆಲೆ ಈಗಷ್ಟೇ ಕದಲಿದೆ, ಎಲ್ಲಿ ರೆಂಬೆ ಮುರಿದಿದೆ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಅವನಿಗೆ ಸಂತೋಷವಾಗುತ್ತಿತ್ತು. ಬೇಟೆ ತಾನಲ್ಲ ಎಂಬ ಸಂತೋಷ. ಮೇಲೆ ನೆತ್ತಿಯಲ್ಲಿ ಸುನಿಲ್ ಏನೂ ತಿಳಿಯದೆ ಡ್ರೋನನ್ನು ಎತ್ತರಕ್ಕೇರಿಸಿ ಓಡುವವನು ಯಾರಾದರೇನೆಂದು ಚಿತ್ರ ತೆಗೆಯುತ್ತಿದ್ದ.

ಲಂಟಾನದ ಪೊದೆಯೊಳಗೆ ಯೋಗಾನಂದ ಮಡಚಿಕೊಂಡು ಕೂತಿದ್ದ. ಬೆವರಿನಲ್ಲಿ ಬೀಟ್‌ರೂಟ್ ಇಳಿದು ಅಂಗಿಯ ಕಾಲರು ಕೆಂಪಾಗಿತ್ತು. ಮೂರು ಮಾರು ದೂರ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಯೋಗಾನಂದ ಎರಡೂ ಕೈ ಜೋಡಿಸಿದ.

"ನಾನಲ್ಲ ಕಣೋ ಧರ್ಮ," ಅಂದ, ಉಸಿರಿನಲ್ಲೇ. "ನಿಂಗೊತ್ತಲ್ಲ, ನಾನಲ್ಲ ಅಂತ."

ಧರ್ಮನಿಗೆ ಗೊತ್ತಿತ್ತು. ಅದು ನಿಂತಲ್ಲೇ ಕಟ್ಟಿದ ಮಾತೆಂದು ಬಲ್ಲವನು ಲೋಕದಲ್ಲಿ ಅವನೊಬ್ಬನೇ. ಇಲ್ಲಿ ಏನೂ ಇಲ್ಲ ಎಂದು ಒಂದು ಮಾತು ಹೇಳಿ ಮುಂದೆ ಹೋಗಬಹುದಿತ್ತು, ಅದೂ ಸುಳ್ಳೇ, ಆದರೆ ಅಂಥ ಸುಳ್ಳಿಗೆ ಅವನ ನಾಲಿಗೆ ಏಳಲಿಲ್ಲ.

ಕೆಳಗಿನಿಂದ ಲಕ್ಕಪ್ಪ ಕೇಳಿದ. "ಎಲ್ಲಿ?"

"ಇಲ್ಲೈತೆ," ಅಂದ ಧರ್ಮ.

ಮನುಷ್ಯನಿಗೆ ಹೇಳುವ ಹಾಗೆ ‘ಇಲ್ಲವ್ನೆ’ ಅನ್ನಲಿಲ್ಲ, ಪ್ರಾಣಿಗೆ ಹೇಳುವ ಹಾಗೆ ಹೇಳಿದ. ದಿನವೆಲ್ಲ ಅಕ್ಷರದ ಜೊತೆ ಬದುಕುವ ರೈಟರ್ ಯೋಗಾನಂದನಿಗೆ ಅದು ಕೇಳಿಸಿತು. ಅವನು ಮುಗಿದ ಕೈಗಳನ್ನು ಇಳಿಸಿದ.