ಗೇಟಿನವರೆಗಿನ ನಲವತ್ತು ಹೆಜ್ಜೆ

ಕಿಟಕಿಯ ಗಾಜು ಗಡಗಡ ಅನ್ನುತ್ತಲೇ ಇದೆ, ಯಾರೋ ಹಳೆಯ ಪೇಪರು ಮಡಚಿ ಸಂದಿಗೆ ತುರುಕಿದ್ದಾರೆ, ಆದರೂ ನಿಲ್ಲುತ್ತಿಲ್ಲ, ಹೊರಗೆ ಪಾರೋಡೆಯ ಗದ್ದೆಯಲ್ಲಿ ಬೆಳ್ಳಕ್ಕಿಗಳು ಒಂದು ಎಮ್ಮೆಯ ಸುತ್ತ ನಿಂತಿವೆ, ಬಿಸಿಲು ಇನ್ನೂ ಎಳೆಯದು, ಕೆಪೆಯಿಂದ ಮಡಗಾಂವಿಗೆ ಈ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇನೋ, ಇಪ್ಪತ್ತಾರು ವರ್ಷ, ದಾರಿಬದಿಯ ಒಂದೊಂದು ಶಿಲುಬೆಯೂ ಗೊತ್ತು, ಇವತ್ತು ಮಾತ್ರ ಈ ದಾರಿ ಬೇಗ ಮುಗಿಯದಿರಲಿ ಅನ್ನಿಸುತ್ತಿದೆ — ಮುಗಿಯುವುದರೊಳಗೆ ಹೇಳಬೇಕು. ಪಕ್ಕದಲ್ಲಿ ಸುಂದರವ್ವ, ತಲೆ ನನ್ನ ಭುಜಕ್ಕೆ ಒರಗಿದೆ, ನಿದ್ದೆಯಲ್ಲ, ಕಣ್ಣು ತೆರೆದೇ ಇದೆ, ಅವಳ ಮಗಳು ಅಶ್ವಿನಿ ನನ್ನ ತೊಡೆಯ ಮೇಲೆ ಮಲಗಿ ಜೊಲ್ಲು ಸುರಿಸುತ್ತಿದ್ದಾಳೆ, ನಾಲ್ಕು ವರ್ಷದ ಮಗುವಿನ ತಲೆ ಇಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ, ಕಾನ್ವೆಂಟಿನವರಿಗೆ ಹೇಗೆ ಗೊತ್ತಾಗಬೇಕು. ಮಡಗಾಂವಿನಿಂದ ಬಿಜಾಪುರದ ಬಸ್ಸು ಹತ್ತೂವರೆಗೆ. ಅಲ್ಲಿ ಇಳಿಸಿಕೊಳ್ಳಲು ಇವಳ ಅಣ್ಣ ಬರುತ್ತಾನಂತೆ. ಕಂಡಕ್ಟರು ನನ್ನನ್ನು ನೋಡಿದ ಕೂಡಲೆ ಮುಂದಿನ ಸೀಟಿನವರನ್ನು ಎಬ್ಬಿಸಿ ಜಾಗ ಮಾಡಿಕೊಟ್ಟ, ಪೇಪರಿನಲ್ಲಿ ನಿಮ್ಮ ಫೋಟೋ ನೋಡಿದೆ ಸಿಸ್ಟರ್, ಅಂಥ ಗುಂಪಿನ ನಡುವೆ ಆ ಮನುಷ್ಯನ ಕೈ ಬಿಡಲಿಲ್ಲವಲ್ಲ, ನೀವು ದೊಡ್ಡವರು ಎಂದ, ನಾನು ನಕ್ಕೆ, ಅಲ್ಲ, ನಗಲಿಲ್ಲ, ಹಲ್ಲು ಕಾಣಿಸಿದೆ ಅಷ್ಟೆ. ಸುಂದರವ್ವ ಆಗಲೂ ಕಿಟಕಿಯ ಕಡೆಗೇ ನೋಡುತ್ತಿದ್ದಳು.

ಅದು ಪಾವ್‌ನ ವಾಸನೆಯಿಂದ ಶುರುವಾಯಿತು, ನನಗೆ ಹಾಗೇ ನೆನಪು, ಹದಿನಾಲ್ಕು ದಿನದ ಹಿಂದೆ, ಬೆಳಗಿನ ಪೂಜೆ ಮುಗಿದು ಹೊರಗೆ ಬಂದರೆ ರಸ್ತೆಯ ತುಂಬ ಬಿಸಿ ಪಾವ್‌ನ ವಾಸನೆ, ಬಿದಿರಬುಟ್ಟಿ ಒಂದು ಕಡೆ, ಸೈಕಲ್ಲು ಒಂದು ಕಡೆ, ನೀಲಿ ಪ್ಲಾಸ್ಟಿಕ್ಕು ಗಾಳಿಗೆ ಪಟಪಟ ಅನ್ನುತ್ತಿತ್ತು, ದಿನಾ ಮುಂಜಾನೆ ಹಾರ್ನು ಒತ್ತುತ್ತ ಮನೆಮನೆಗೆ ಪಾವ್ ಹಾಕುವ ಪಾಸ್ಕೊಲ್ ಮಂಜಿನಲ್ಲಿ ಟಿಪ್ಪರಿನ ಕೆಳಗೆ ಬಂದಿದ್ದ. ಚಿರೇಕಲ್ಲು ತುಂಬಿದ ಟಿಪ್ಪರು, ಓಡಿಸುತ್ತಿದ್ದವನು ಕಂಠೆಪ್ಪ, ಈ ಸುಂದರವ್ವನ ಗಂಡ. ಪಾಸ್ಕೊಲ್ ನಮ್ಮ ಇಗರ್ಜಿಯಲ್ಲಿ ಪಿಟೀಲು ಬಾರಿಸುತ್ತಿದ್ದವನು, ಊರಿನಲ್ಲಿ ಯಾರ ಸಂಗಡವೂ ಜಗಳವಿರಲಿಲ್ಲ, ಘಟ್ಟದ ಮೇಲಿನಿಂದ ಬಂದ ಕೂಲಿಗಳ ಶೆಡ್ಡುಗಳಿಗೂ ಪಾವ್ ಹಾಕುತ್ತಿದ್ದ, ಮಕ್ಕಳಿಗೆ ಮುರಿದದ್ದನ್ನು ಸುಮ್ಮನೆ ಕೊಡುತ್ತಿದ್ದ. ಅವನು ಸತ್ತ ಸುದ್ದಿ ಹಬ್ಬಿ ಮಧ್ಯಾಹ್ನದೊಳಗೆ ಆ ಶೆಡ್ಡುಗಳೇ ಉರಿದವು. ಬೆಂಕಿ ಹಚ್ಚಿದ ಊರವರು ಘಾಟಿ, ಘಾಟಿ ಎಂದು ಕೂಗುತ್ತಿದ್ದರು, ಘಟ್ಟದವರಿಗೆ ಇಲ್ಲಿ ಬೈಯುವ ಮಾತು ಅದು, ನನಗೂ ಮೊದಲ ವರ್ಷ ಅಂದಿದ್ದರು, ಬೆಟಗೇರಿಯ ನೇಕಾರರ ಮಗಳು ನಾನು, ನಮ್ಮದು ಮೂರು ತಲೆಮಾರಿನ ಕ್ರೈಸ್ತ ಮನೆತನವಾದರೂ ಇಲ್ಲಿ ನಾನೂ ಘಟ್ಟದವಳೇ, ಬಿಳಿ ಉಡುಗೆ ಹಾಕಿದ ಮೇಲೆ ಆ ಮಾತು ಮರೆಯಾಯಿತು, ಸಿಸ್ಟರ್ ಬೆನಿಟಾ ಆದೆ. ಒಂಬತ್ತು ಶೆಡ್ಡು, ಮೂವತ್ತೆಂಟು ಜನ, ತಗಡು ಸಿಡಿಯುವ ಸದ್ದಿಗೆ ಓಡಿ ಬಂದು ಕಾನ್ವೆಂಟಿನ ಗೇಟಿನಲ್ಲಿ ನಿಂತರು, ಕೋಳಿ ಹಿಡಿದುಕೊಂಡವರು, ಅರ್ಧ ಬೆಂದ ಅನ್ನದ ಪಾತ್ರೆ ಹಿಡಿದುಕೊಂಡವರು, ಸುಂದರವ್ವ ಬರಿಗೈಯಲ್ಲಿ ಮಗಳನ್ನೆತ್ತಿಕೊಂಡು. ಶಾಲೆಯ ಹಾಲಿನ ಬೀಗ ನಾನೇ ತೆಗೆದೆ. ಪಾದ್ರಿಗಳು ಮೆಲ್ಲಗೆ ಬಂದು ಹೇಳಿದರು, ಸಿಸ್ಟರ್, ಸತ್ತವನು ನಮ್ಮ ಮನೆಯ ಮಗ, ಹೆಣ ಇನ್ನೂ ಒಳಗೆ ಬಂದಿಲ್ಲ, ಇವರನ್ನು ಬೇರೆ ಕಡೆ ಕಳಿಸಲಾಗುವುದಿಲ್ಲವೇ. ಎಲ್ಲಿಗೆ ಕಳಿಸಲಿ ಫಾದರ್ ಎಂದೆ. ಅವರು ಒಳಗೆ ಹೋಗಿ ತಾವೇ ಎರಡು ಚಾಪೆ ಹೊತ್ತು ತಂದರು. ಆ ಕ್ಷಣ ನಾನು ಎಷ್ಟು ಹಗುರಾಗಿದ್ದೆ, ದೇವರು ನನ್ನ ಬೆನ್ನ ಹಿಂದೆಯೇ ನಿಂತಿದ್ದಾನೆ ಅನ್ನಿಸಿತ್ತು, ಉಸಿರು ತಾಗುವಷ್ಟು ಹತ್ತಿರ — ಹೆಮ್ಮೆಯಿತ್ತೇ, ಇತ್ತು, ಈಗ ಹೇಳಿಕೊಳ್ಳಬಹುದು, ಹೆಮ್ಮೆ ಇತ್ತು.

ಕಂಠೆಪ್ಪ ಬಂದದ್ದು ಮೂರು ಗಂಟೆಗೆ, ಹಿತ್ತಲ ಗೇರುಮರದ ಕಡೆಯಿಂದ, ಮಂಡಿಯ ತನಕ ಕೆಸರು, ಅಡುಗೆಮನೆಯ ಬಾಗಿಲ ಹೊರಗೇ ಕೂತ, ಒಳಗೆ ಬಾ ಎಂದರೂ ಬರಲಿಲ್ಲ. ನಾ ಓಡಿ ಹೋಗಲಿಲ್ರಿ ಸಿಸ್ಟರಮ್ಮಾರ, ಮಂಜಿನ್ಯಾಗ ಕಾಣಲಿಲ್ರಿ, ಇಳದು ಅವರ ತಲಿ ನನ್ನ ತೊಡಿ ಮ್ಯಾಲೆ ಇಟ್ಕೊಂಡು ನೀರು ಹಾಕಿದ್ನಿರಿ, ಎರಡು ಗುಟುಕು ಕುಡದ್ರು, ಏನೋ ಕೊಂಕಣ್ಯಾಗ ಅಂದ್ರು, ನನಗ ತಿಳೀಲಿಲ್ಲ, ಕೈ ಹಿಡಕೊಂಡ ಕುಂತಿದ್ದೆ, ತಣ್ಣಗಾಗೋತನಕ ಬಿಡಲಿಲ್ರಿ, ಮಂದಿ ಕೂಡಿ ಹೊಡೀಲಿಕ್ಕೆ ಬಂದಾಗ ಮಾತ್ರ ಓಡಿದೆ. ಇಷ್ಟು ಹೇಳಿ ಅತ್ತ. ಗಂಡಸರು ಅಳುವುದನ್ನು ನಾನು ತುಂಬ ನೋಡಿದ್ದೇನೆ, ಆಸ್ಪತ್ರೆಯಲ್ಲಿ, ಕುಡಿದು ಬಂದ ಮರುದಿನ, ಇವನದು ಹಾಗಿರಲಿಲ್ಲ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಅತ್ತ. ಪೊಲೀಸರಿಗೆ ಫೋನು ಮಾಡಿದವಳು ನಾನೇ. ಒಪ್ಪಿಸಿಕೊಂಡರೆ ನಿನಗೇ ಒಳ್ಳೆಯದಪ್ಪ, ಅಲ್ಲಿ ನೀನು ಭದ್ರವಾಗಿರುತ್ತಿ ಅಂತ ಹೇಳಿದವಳೂ ನಾನೇ. ಜೀಪು ಬಂತು, ಮೂರೇ ಜನ ಪೊಲೀಸರು, ಗೇಟಿನ ಹೊರಗೆ ಇನ್ನೂರು ಜನ, ಜೀಪು ಒಳಗೆ ಬರುವಂತಿಲ್ಲ, ಗೇಟಿನ ತನಕ ನೀವೇ ಕರೆದು ತನ್ನಿ ಸಿಸ್ಟರ್, ನಿಮ್ಮ ಮೇಲೆ ಯಾರೂ ಕೈ ಎತ್ತುವುದಿಲ್ಲ ಎಂದರು, ನನಗೂ ಹಾಗೇ ಅನ್ನಿಸಿತು, ಆ ಗುಂಪಿನಲ್ಲಿ ಅರ್ಧ ಜನಕ್ಕೆ ನಾನೇ ಜಪ ಕಲಿಸಿದ್ದು, ಅವರ ಮೊದಲ ಪ್ರಸಾದದ ದಿನ ನಾನೇ ಹೂವು ಮುಡಿಸಿದ್ದು. ಅವನನ್ನು ಶಾಲೆಯ ಹಾಲಿನೊಳಗಿಂದ ಕರೆದುಕೊಂಡು ಹೊರಟರೆ ಸುಂದರವ್ವ ಬಾಗಿಲಲ್ಲಿ ಅಡ್ಡ ನಿಂತಳು, ಒಯ್ಯಬ್ಯಾಡ್ರಿ ಸಿಸ್ಟರಮ್ಮಾರ, ಇವತ್ತೊಂದ ದಿನ ಇರ್ಲಿರಿ, ನಾಳಿ ಸಿಟ್ಟು ಇಳೀತೈತಿ. ನಾನು ಅವಳ ಗಲ್ಲ ಸವರಿದೆ. ಹೆದರಬ್ಯಾಡವಾ, ನಾ ಕೈ ಹಿಡಕೊಂಡ ಹೋಗತೀನಿ, ಬಿಡಂಗಿಲ್ಲ. ನಮ್ಮ ಮಾತಿನಲ್ಲೇ ಹೇಳಿದೆ, ಬೆಟಗೇರಿಯ ಮಾತಿನಲ್ಲಿ, ಅದಕ್ಕೇ ಅವಳು ದಾರಿ ಬಿಟ್ಟಳು. ಹಾಲಿನಿಂದ ಗೇಟಿಗೆ ನಲವತ್ತು ಹೆಜ್ಜೆ, ಆಮೇಲೆ ನಾನು ದಿನಾ ನಡೆದು ಎಣಿಸಿದ್ದೇನೆ, ಸರಿಯಾಗಿ ನಲವತ್ತು. ಅವನ ಅಂಗೈ ಒರಟು, ಬೆವರಿತ್ತು. ಗೇಟು ತೆರೆದರು. ಒಬ್ಬ ಪೊಲೀಸು ಮುಂದೆ, ಇಬ್ಬರು ಹಿಂದೆ, ಜನ ಜಾಗ ಬಿಟ್ಟರು ಕೂಡ, ನಿಜ, ಎರಡು ಹೆಜ್ಜೆಯಷ್ಟು ಬಿಟ್ಟರು, ಜೀಪಿನ ಬಾಗಿಲು ಕಾಣುತ್ತಿತ್ತು, ಆಗ ಮೊದಲ ಕಲ್ಲು ನನ್ನ ಕಿವಿಯ ಪಕ್ಕದಲ್ಲಿ ಹಾದುಹೋಯಿತು, ತಾಗಲಿಲ್ಲ, ಗಾಳಿ ಮಾತ್ರ ತಾಗಿತು — ನಾನು ಎರಡೂ ಕೈಯಿಂದ ನನ್ನ ತಲೆ ಮುಚ್ಚಿಕೊಂಡೆ. ಎರಡೂ ಕೈಯಿಂದ. ಯೋಚನೆ ಮಾಡಲಿಲ್ಲ, ನಿರ್ಧಾರ ಮಾಡಲಿಲ್ಲ, ಕೈ ತಾನೇ ಮೇಲೆ ಹೋಯಿತು, ಕಣ್ಣು ತೆರೆಯುವುದರೊಳಗೆ ನನ್ನ ಮತ್ತು ಅವನ ನಡುವೆ ಬೆನ್ನುಗಳು, ಬರೀ ಬೆನ್ನುಗಳು, ಅಂಗಿಗಳು, ಅವನು ಕಾಣಲೇ ಇಲ್ಲ. ಪೇಪರಿನವರು ತೆಗೆದ ಫೋಟೋ ಅದಕ್ಕಿಂತ ಮುಂಚಿನದು, ಮೂವತ್ತನೆಯ ಹೆಜ್ಜೆಯದ್ದಿರಬೇಕು.

ಆಸ್ಪತ್ರೆಯಲ್ಲಿ ಮೂರು ದಿನ, ಕಂಠೆಪ್ಪನಿಗೆ ಎಚ್ಚರ ಬರಲಿಲ್ಲ, ಸುಂದರವ್ವ ಮಂಚದ ಕಾಲಿಗೆ ಒರಗಿ ಕೂತಿರುತ್ತಿದ್ದಳು, ನಾನು ಗಂಜಿ ಒಯ್ಯುತ್ತಿದ್ದೆ, ಎರಡನೆಯ ದಿನ ಪೇಪರಿನವನು ಬಂದು ಕೇಳಿದಾಗ ಅವಳೇ ಹೇಳಿದಳು, ಸಿಸ್ಟರಮ್ಮಾರು ಕಡೀತನಕ ಕೈ ಬಿಡಲಿಲ್ರಿ, ಜನಾನ ಎಳದು ಬಿಡಿಸಿದ್ರು. ನಾನು ಅಲ್ಲೇ ನಿಂತಿದ್ದೆ, ಗಂಜಿಯ ಡಬ್ಬಿ ಕೈಯಲ್ಲಿತ್ತು, ಅಲ್ಲ ಅನ್ನಬೇಕಿತ್ತು, ಅನ್ನಲಿಲ್ಲ. ಆಮೇಲೆ ಅದೇ ಮಾತು ಬೆಳೆಯಿತು, ನಮ್ಮ ಕಾನ್ವೆಂಟುಗಳಿಗೆಲ್ಲ ಹಿರಿಯರಾದ ಮದರ್ ಪ್ರೊವಿನ್ಶಿಯಲ್ ಫೋನು ಮಾಡಿ ಅತ್ತರು, ಎಲ್ಲೆಲ್ಲಿಂದಲೋ ಅಕ್ಕಿ, ಹೊದಿಕೆ, ಪುಣ್ಯದ ಮಾತು. ಮೂರನೆಯ ದಿನ ಕಂಠೆಪ್ಪ ಹೋದ, ಅವನ ಮಣ್ಣು ಇಲ್ಲೇ ಆಯಿತು, ಊರಿಗೆ ಒಯ್ಯುವಂತಿರಲಿಲ್ಲ. ಹಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಚದುರಿದರು, ಮಡ್ಕಯಿಯ ಕಾರ್ಖಾನೆಗೆ ಕೆಲವರು, ವಾಳಪೈಗೆ ಕೆಲವರು. ಪಾಸ್ಕೊಲ್‌ನ ಹೆಂಡತಿ ಕೊನ್ಸೆಸಾಂವ್ ಏಳನೆಯ ದಿನದ ಪೂಜೆ ಮುಗಿಸಿ ನೇರ ನನ್ನ ಹತ್ತಿರ ಬಂದಳು, ಕರಿ ಉಡುಪು, ಕೈಯಲ್ಲಿ ಮೊಂಬತ್ತಿಯ ಮೇಣ, ಆ ಡ್ರೈವರನ ಕೈ ನೀವು ಹಿಡಿದಿರಂತೆ ಸಿಸ್ಟರ್, ನನ್ನ ಪಾಸ್ಕೊಲ್ ರಸ್ತೆಯಲ್ಲಿ ಬಿದ್ದಿದ್ದಾಗ ಅವನ ಕೈ ಯಾರು ಹಿಡಿದಿದ್ದರು ಎಂದು ಕೇಳಿದಳು, ಸಿಟ್ಟಿನಿಂದ ಅಲ್ಲ, ತಿಳಿಯದ್ದಕ್ಕೆ ಕೇಳಿದ ಹಾಗೆ. ಕಂಠೆಪ್ಪ ಹಿಡಿದಿದ್ದ, ತಣ್ಣಗಾಗುವ ತನಕ ಬಿಡಲಿಲ್ಲ, ನೀರೂ ಕುಡಿಸಿದ ಎಂದೆ. ಎಷ್ಟು ನೀರು ಕುಡಿದ, ಕೇಳಿದಳು. ಎರಡು ಗುಟುಕು. ಏನಾದರೂ ಅಂದನೇ. ಏನೋ ಅಂದನಂತೆ, ಕೊಂಕಣಿಯಲ್ಲಿ, ಕಂಠೆಪ್ಪನಿಗೆ ತಿಳಿಯಲಿಲ್ಲವಂತೆ. ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು. ಆ ಮಾತು ತಿಳಿಯುವವನೊಬ್ಬ ಅಲ್ಲಿದ್ದಿದ್ದರೆ ಎಂದಳು, ಎದ್ದು ಹೋದಳು. ಅವಳಿಗೆ ನಿಜ ಹೇಳಿದೆ, ಸುಂದರವ್ವನಿಗೆ ಹೇಳಲಿಲ್ಲ, ದಿನಾ ಮೊಣಕಾಲೂರಿ ದೇವರಿಗೆ ಹೇಳುತ್ತೇನೆ, ದೇವರಿಗೆ ಹೇಳುವುದು ಸುಲಭ, ಅವನಿಗೆ ಮೊದಲೇ ಗೊತ್ತು. ಪಾದ್ರಿಗಳ ಹತ್ತಿರ ಪಾಪನಿವೇದನೆ ಮಾಡಿದೆ, ಭಯ ಪಾಪವಲ್ಲ ಸಿಸ್ಟರ್, ಸಮಾಧಾನದಿಂದಿರಿ ಎಂದರು. ನಾನು ಭಯದ ಮಾತು ಹೇಳಿರಲಿಲ್ಲ, ಬಿಡಂಗಿಲ್ಲ ಎಂದು ಕೊಟ್ಟ ಮಾತಿನ ಬಗ್ಗೆ ಹೇಳಿದ್ದೆ.

ಬಸ್ಸು ನಿಂತಿತು, ಮಡಗಾಂವ್, ಇಷ್ಟು ಬೇಗ, ಗಂಟು ಒಂದು, ಚೀಲ ಒಂದು, ಮಗು ಎಚ್ಚರಾಗಿ ಅಪ್ಪಾ ಎಲ್ಲಿ ಎಂದು ಕೇಳಿ ಅವ್ವನ ಕೊರಳಿಗೆ ಜೋತುಬಿತ್ತು, ಬಿಜಾಪುರದ ಬಸ್ಸು ಆಗಲೇ ಹಚ್ಚಿ ನಿಂತಿದೆ, ಡ್ರೈವರು ಚಹಾ ಕುಡಿಯುತ್ತಿದ್ದಾನೆ, ಹತ್ತು ನಿಮಿಷ ಇದ್ದೀತು. ಕಲ್ಲುಬೆಂಚಿನ ಮೇಲೆ ಕೂತೆವು. ಸುಂದರವ್ವಾ, ನಾ ಒಂದ ಮಾತು ಹೇಳಬೇಕು. ಹೇಳ್ರಿ. ಜನ ಬಿಡಿಸಲಿಲ್ಲವಾ, ನಾನ ಕೈ ಬಿಟ್ಟೆ, ಕಲ್ಲು ಬಂತು, ತಲಿ ಮುಚ್ಕೊಂಡೆ, ನಿನಗ ಬಿಡಂಗಿಲ್ಲ ಅಂದಿದ್ದೆ. ನನ್ನ ಬಾಯಿಂದ ಅಷ್ಟೇ ಬಂತು, ಇಷ್ಟು ದಿನ ಎಷ್ಟು ಉದ್ದ ಮಾಡಿ ಕಟ್ಟಿಕೊಂಡಿದ್ದೆ, ಕಾಲು ಹಿಡಿಯಬೇಕು ಎಂದುಕೊಂಡಿದ್ದೆ. ಅವಳು ಮಗಳ ಕೂದಲನ್ನು ಕೈಯಿಂದಲೇ ಬಾಚುತ್ತಿದ್ದಳು, ನಿಲ್ಲಿಸಲಿಲ್ಲ. ಗೊತ್ತೈತ್ರಿ ಸಿಸ್ಟರಮ್ಮಾರ, ನಾ ಹಾಲಿನ ಕಿಡಕ್ಯಾಗ ನಿಂತು ನೋಡಾಕತ್ತಿದ್ನಿರಿ. ಮತ್ತ ಪೇಪರಿನವಗ ಯಾಕ ಹಂಗ ಹೇಳಿದಿ ಎಂದೆ. ಅವತ್ತ ನಿಮ್ಮ ಮಾರಿ ನೋಡಾಕ ಆಗಲಿಲ್ರಿ, ನೀವೂ ಸತ್ತೋರಂಗ ನಿಂತಿದ್ರಿ, ಹೋಗಾಂವ ಹೊಂಟಿದ್ದ, ಇದ್ದವರನ್ನ ಉಳಿಸ್ಕೋಬೇಕಲ್ರಿ. ಇಷ್ಟು ದಿನವೂ ಗೊತ್ತಿತ್ತು, ನಾನು ಗಂಜಿ ಒಯ್ದಾಗ ಗೊತ್ತಿತ್ತು, ಬಸ್ಸಿನಲ್ಲಿ ಭುಜಕ್ಕೆ ಒರಗಿದಾಗಲೂ, ನಾನು ಇವಳನ್ನು ಕಾಯುತ್ತಿದ್ದೇನೆಂದುಕೊಂಡಿದ್ದೆ, ಇವಳು ನನ್ನನ್ನು — ಡ್ರೈವರು ಹಾರ್ನು ಒತ್ತಿದ. ಎದ್ದಳು, ಮಗುವನ್ನು ಸೊಂಟಕ್ಕೇರಿಸಿಕೊಂಡಳು, ಗಂಟು ನಾನು ಎತ್ತಿ ಒಳಗಿಟ್ಟೆ, ಅವಳು ಮೆಟ್ಟಿಲು ಹತ್ತಿ ತಿರುಗಿದಳು, ಇನ್ನೊಂದು ಐತ್ರಿ, ನೀವು ಕಣ್ಣು ಮುಚ್ಚಿದ್ರಿ, ನೀವು ನೋಡಿಲ್ಲ, ನೀವು ಬಿಟ್ಟಕೂಡ್ಲೆ ನಮ್ಮ ಮನಿಯವರು ನಿಮ್ಮ ಕಡೆನ ಕೈ ಚಾಚಿದ್ರು, ಐದೂ ಬೆರಳು ಅಗಲ ಮಾಡಿ, ಮತ್ತ ಹಿಡಕೊಳ್ಳಾಕೋ, ನಿಮಗ ಕಲ್ಲು ಬೀಳಬಾರದಂತ ಅಡ್ಡ ಹಿಡಿಯಾಕೋ, ನನಗ ತಿಳೀಲಿಲ್ರಿ, ಇನ್ನೂ ತಿಳಿಯವಲ್ದು. ಬಾಗಿಲು ಮುಚ್ಚಿತು. ಬಸ್ಸು ಹಿಂದೆ ಸರಿದು, ತಿರುಗಿ, ಹೋಯಿತು, ಮಗು ಕಿಟಕಿಯಲ್ಲಿ ಏನೋ ತಿನ್ನುತ್ತಿತ್ತು, ಯಾರೋ ನನ್ನನ್ನು ಸರಿಯಿರಿ ಸಿಸ್ಟರ್ ಅನ್ನುತ್ತಿದ್ದಾರೆ, ಇನ್ನೊಂದು ಬಸ್ಸು ಬರಬೇಕಂತೆ, ಸರಿಯಬೇಕು, ಕೆಪೆಯ ಬಸ್ಸು ಹಿಡಿಯಬೇಕು, ಶಾಲೆಯ ಹಾಲ್ ತೊಳೆಯಿಸಬೇಕು, ಸೋಮವಾರ ಶಾಲೆ, ಹಿಡಿದುಕೊಳ್ಳಲೋ, ಅಡ್ಡ ಹಿಡಿಯಲೋ, ಆ ಬೆನ್ನುಗಳ ನಡುವೆ ಚಾಚಿದ ಕೈ, ಕೆಸರು ಒಣಗಿದ ಕೈ, ಹಿಡಿಯಲೋ, ಕಾಯಲೋ, ಐದೂ ಬೆರಳು ಅಗಲ ಮಾಡಿ, ನನ್ನ ಕಡೆಗೇ, ಆ ಕೈ, ಅಗಲ ಮಾಡಿದ ಐದು ಬೆರಳು, ಆ ಕೈ