ಬೇಡ ಅಂದವರು ಯಾರು

ಆ್ಯಂಡಿ ಕೊವಾಚ್ ಕೆಮ್ಮಿದರೆ ಮೊದಲು ಬಿಳಿ ಬರುತ್ತಿತ್ತು. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಒಹಾಯೋ ನದಿ ದಂಡೆಯ ನಮ್ಮ ಕಾರ್ಖಾನೆಯಲ್ಲಿ ಕಕ್ಕಸಿನ ಬೇಸಿನ್ನು, ಕೈತೊಳೆಯುವ ತೊಟ್ಟಿ ಮಾಡುವವರೆಲ್ಲ ಬಿಳಿಯನ್ನೇ ಕೆಮ್ಮುತ್ತಿದ್ದೆವು. ಜೇಡಿಮಣ್ಣಿನ ಧೂಳು. ಮಧ್ಯಾಹ್ನದ ಸ್ಯಾಂಡ್‌ವಿಚ್ಚಿನ ಜೊತೆ ಅದನ್ನೂ ತಿನ್ನುತ್ತಿದ್ದೆವು. ಆಮೇಲೆ ಆ್ಯಂಡಿಗೆ ಕೆಂಪು ಬಂತು.

ಅವನ ಹೆಂಡತಿ ಥೆಲ್ಮಾ ನನ್ನ ಪಕ್ಕದಲ್ಲೇ ನಿಂತು ಬೇಸಿನ್ನುಗಳಿಗೆ ಮೆರುಗು ಹೊಡೆಯುವವಳು. ಬಾಯಿ ಜೋರು, ಕೈ ಚುರುಕು. ರಕ್ತ ಕಂಡ ದಿನವೇ ಗಂಡನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಆಗ ನಮ್ಮ ವಿಮೆಯ ಕಾನೂನು ಬೇರೆ ಇತ್ತು. ವಿಮೆಯವರು ಗೊತ್ತುಮಾಡಿದ ಒಬ್ಬ ಡಾಕ್ಟರ ಹತ್ತಿರವೇ ಮೊದಲು ಹೋಗಬೇಕು. ಅವರು ಹೂಂ ಅಂದರೆ ಮಾತ್ರ ದೊಡ್ಡ ಡಾಕ್ಟರು, ಸ್ಕ್ಯಾನು, ಆಸ್ಪತ್ರೆ. ನಾವು ಅವರನ್ನು ಬಾಗಿಲ ಡಾಕ್ಟರು ಅನ್ನುತ್ತಿದ್ದೆವು. ಒಳಗೆ ಬಿಟ್ಟಷ್ಟೂ ವಿಮೆಯವರಿಗೆ ಕೋಪ, ತಡೆದಷ್ಟೂ ಸಂತೋಷ.

ಬಾಗಿಲ ಡಾಕ್ಟರು ಸಿರಪ್ಪು ಬರೆದುಕೊಟ್ಟರು. ಥೆಲ್ಮಾ ವಿಮೆಯವರಿಗೆ ಫೋನು ಮಾಡಿದಳು. ಆ ಕಡೆ ಒಬ್ಬಳು ಹುಡುಗಿ. ಜೇನಿನಂಥ ದನಿ.

"ಸ್ಕ್ಯಾನ್ ಈಗ ಬೇಡ ಅಂತಿದೆ, ಮೇಡಂ."

"ಬೇಡ ಅಂತ ಅನ್ನೋದು ಯಾರು? ಅವರಿಗೆ ಫೋನ್ ಕೊಡು."

"ಹಾಗೆ ಯಾರೂ ಇಲ್ಲ ಮೇಡಂ. ನಿಯಮ ಹಾಗಿದೆ."

ಎಲೆ ಉದುರುವ ಹೊತ್ತಿಗೆ ಆ್ಯಂಡಿ ಕೂತಲ್ಲಿಂದ ಏಳಲಾರದವನಾದ. ಕಡೆಗೆ ಸ್ಕ್ಯಾನಿಗೆ ಒಪ್ಪಿಗೆ ಬಂತು. ಅದು ಬಂದ ದಿನ ಚರ್ಚಿನಲ್ಲಿ ಅವನ ಪೆಟ್ಟಿಗೆಯ ಮುಂದೆ ನಾವು ಸಾಲಾಗಿ ನಿಂತಿದ್ದೆವು.

ಥೆಲ್ಮಾ ಮನೆಯಲ್ಲಿ ಕೂತು ಅಳುವ ಹೆಂಗಸಲ್ಲ. ಯೂನಿಯನ್ನಿನ ಲೆರಾಯ್ ಟಿಬ್ಸ್ ಬಸ್ಸು ಮಾಡಿಸಿದ. ಅವನೂ ಆ್ಯಂಡಿಯ ಜೊತೆ ಅಚ್ಚಿಗೆ ಮಣ್ಣು ಹೊಯ್ಯುತ್ತಿದ್ದವನೇ. ಎಲ್ಲರೂ ಕೊಲಂಬಸ್ಸಿಗೆ ಹೋಗಿ ವಿಮೆಯವರ ಗಾಜಿನ ಕಟ್ಟಡದ ಮುಂದೆ ನಿಂತೆವು. ಥೆಲ್ಮಾ ಗಂಡನ ಬೂಟುಗಳನ್ನು ಮೆಟ್ಟಿಲ ಮೇಲಿಟ್ಟು, "ಇವನ್ನ ಹಾಕ್ಕೊಳ್ಳೋನು ಎಲ್ಲಿ? ತಂದ್ಕೊಡಿ" ಅಂದಳು. ಅಷ್ಟೇ ಅಂದದ್ದು. ಟೀವಿಯವರು ಬಂದರು. ಬೇರೆ ಊರುಗಳಲ್ಲೂ ಜನ ಹೀಗೇ ರೊಚ್ಚಿಗೆದ್ದಿದ್ದರು. ಶಾಸಕರು ಕೂಡ ನಮ್ಮ ದನಿಯಲ್ಲೇ ಮಾತಾಡತೊಡಗಿದರು.

ಮಾರನೇ ವರ್ಷ ವಿಮೆಯವರ ಕಡೆಯಿಂದ ಪ್ರೆಸ್ಕಾಟ್ ಎಂಬಾತ ನಮ್ಮ ಊಟದ ಕೋಣೆಗೆ ಬಂದ. ಜೊತೆಗೆ ಡಬ್ಬಗಟ್ಟಲೆ ಡೋನಟ್ಟು. ಕೋಟು ಬಿಚ್ಚಿ ತೋಳು ಮಡಿಸಿಕೊಂಡು, ನಮ್ಮವನೇ ಅನ್ನೋ ಹಾಗೆ ಮೇಜಿನ ಮೇಲೆ ಕೂತ.

"ನೀವು ಹೇಳಿದ್ರಿ, ನಾವು ಕೇಳಿದ್ವಿ. ಇನ್ಮೇಲೆ ಬಾಗಿಲ ಡಾಕ್ಟರು ಇಲ್ಲ. ಒಪ್ಪಿಗೆ ಕೇಳೋ ಹಾಗಿಲ್ಲ. ಯಾವ ಡಾಕ್ಟರು ಬೇಕೋ ಅವರ ಹತ್ರ ನೇರ ಹೋಗಿ."

ಚಪ್ಪಾಳೆ ಬಿತ್ತು. ಮೇಜು ಗುದ್ದಿದರು. ಲೆರಾಯ್ ಮಾತ್ರ ಡೋನಟ್ಟು ಅಗಿಯುತ್ತಾ ಕೇಳಿದ:

"ಬಾಗಿಲು ತೆಗೆದ್ರಿ, ಸಂತೋಷ ಸ್ವಾಮಿ. ಹೊಸಲಿನ ಮೇಲೆ ಏನಿಟ್ಟಿದ್ದೀರಿ, ಅದನ್ನೂ ಹೇಳ್ಬಿಡಿ."

ಪ್ರೆಸ್ಕಾಟ್ ನಕ್ಕ. "ವರ್ಷದ ಮೊದಲ ಖರ್ಚು ಮಾತ್ರ ನಿಮ್ಮದು. ಅದು ದಾಟಿದ ಮೇಲೆ ನಮ್ಮದು."

ಮೊದಲ ಖರ್ಚು ಅಂದರೆ ಎಷ್ಟು ಅಂತ ಹೇಳಿದ. ಅಷ್ಟು ಹಣವನ್ನು ಒಟ್ಟಿಗೆ ಕಂಡವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಅವತ್ತು ಅದು ಕಿವಿಯೊಳಗೆ ಇಳಿಯಲಿಲ್ಲ. ಗೆದ್ದಿದ್ದೆವಲ್ಲ!

ಥೆಲ್ಮಾ ಎದ್ದು ನಿಂತಳು. "ಇನ್ಮೇಲೆ ಯಾರೂ ಬೇಡ ಅನ್ನಲ್ವಾ?"

"ಯಾರೂ ಅನ್ನಲ್ಲ, ಮೇಡಂ. ಮಾತು ಕೊಡ್ತೀನಿ."

ಅವಳು ಕೂತುಬಿಟ್ಟಳು. ಗಂಡ ಸತ್ತಾಗ ನಮ್ಮ ಮುಂದೆ ಅಳದವಳು, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅವತ್ತು ಅತ್ತಳು.

ಒಂದು ಬೇಸಿಗೆ ಕಳೆಯಿತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಥೆಲ್ಮಾ ನನ್ನ ಕೈ ಹಿಡಿದು ತನ್ನ ಎಡಗಡೆಯ ಮೊಲೆಯ ಪಕ್ಕಕ್ಕೆ ಒತ್ತಿದಳು.

"ಇಲ್ಲಿ ನೋಡೇ ನೋರೀನ್. ಏನಾದ್ರೂ ಸಿಗುತ್ತಾ?"

ಸಿಕ್ಕಿತು. ಚೆರ್ರಿ ಬೀಜದಷ್ಟು.

"ಇವತ್ತೇ ಹೋಗು. ಈಗ ಯಾರನ್ನೂ ಕೇಳ್ಬೇಕಾಗಿಲ್ವಲ್ಲ."

"ಕೇಳ್ಬೇಕಾಗಿಲ್ಲ ಕಣೇ, ಕೊಡ್ಬೇಕು. ಆ್ಯಂಡೀನ ಮಣ್ಣು ಮಾಡಿದ ಸಾಲವೇ ತೀರಿಲ್ಲ. ಮನೆ ಕಾಯಿಸೋ ಎಣ್ಣೆ ತುಂಬಿಸ್ಬೇಕು. ಚಳಿ ಒಂದು ಕಳೀಲಿ."

"ಲೇ, ಇದು ಛಾವಣಿ ಸೋರೋದಲ್ಲ, ಚಳಿ ಕಳೆದ ಮೇಲೆ ರಿಪೇರಿ ಮಾಡಿಸೋಕೆ."

"ಛಾವಣೀನೂ ಸೋರ್ತಿದೆ" ಅಂದು ನಕ್ಕಳು. ನಾನು ನಗಲಿಲ್ಲ. ನನ್ನ ಕೈಯಲ್ಲೂ ಕೊಡೋಕೆ ಏನೂ ಇರಲಿಲ್ಲ.

ಚಳಿಗಾಲದಲ್ಲಿ ಒಂದು ಭಾನುವಾರ ಚರ್ಚಿನ ಮಾರಾಟಕ್ಕೆ ಅಂತ ಅವಳ ಮನೆಯಲ್ಲಿ ಕೂತು ಪಿರೋಗಿ ಮಡಚುತ್ತಿದ್ದೆವು. ಹಿಟ್ಟಿನೊಳಗೆ ಆಲೂಗಡ್ಡೆ ತುಂಬಿ ಅಂಚು ಒತ್ತುವಾಗ ಎಡಗೈ ಎತ್ತಲು ಅವಳಿಗೆ ಕಷ್ಟವಾಗುತ್ತಿತ್ತು. ಫೋನು ಬಂತು. ಕೈಯೆಲ್ಲ ಹಿಟ್ಟು ಅಂತ ಸ್ಪೀಕರಿಗೆ ಹಾಕಿದಳು.

"ನಮಸ್ಕಾರ ಮೇಡಂ. ವಿಮೆಯ ಆರೈಕೆ ವಿಭಾಗದಿಂದ ಕ್ರಿಸ್ಟಲ್ ಮಾತಾಡ್ತಿದ್ದೀನಿ. ಸುಮ್ಮನೆ ನಿಮ್ಮ ಆರೋಗ್ಯ ವಿಚಾರಿಸೋಣ ಅಂತ. ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ ಮಾಡಿಸ್ಕೊಳ್ತಿದ್ದೀರಾ?"

ಥೆಲ್ಮಾಳ ಕೈ ನಿಂತಿತು. "ಈ ದನಿ ನನಗೆ ಗೊತ್ತು. ನನ್ನ ಗಂಡನ ಸ್ಕ್ಯಾನು ಬೇಡ ಅಂದಿದ್ದು ನೀನೇ ಅಲ್ವೇನಮ್ಮ? ಆ್ಯಂಡಿ ಕೊವಾಚ್."

ಆ ಕಡೆ ದನಿ ತಗ್ಗಿತು. ಜೇನು ಇಳಿದುಹೋಗಿತ್ತು.

"ಆಗ ನಾನು ಬೇರೆ ವಿಭಾಗದಲ್ಲಿದ್ದೆ, ಮೇಡಂ. ಅದನ್ನ ಮುಚ್ಚಿದ್ರು. ನಮ್ಮನ್ನೆಲ್ಲ ಇಲ್ಲಿಗೆ ಹಾಕಿದ್ರು. ಈಗ ನಾವು ಬೇಡ ಅನ್ನೋ ಹಾಗೇ ಇಲ್ಲ."

"ಗಂಟಿದೆ ನನಗೆ. ತೋರಿಸೋ ಖರ್ಚು ನೀವು ಕೊಡ್ತೀರಾ?"

"ವರ್ಷದ ಪರೀಕ್ಷೆ ಮಾತ್ರ ಪುಕ್ಕಟೆ, ಮೇಡಂ. ಗಂಟಿದ್ರೆ ಅದು ಕಾಯಿಲೆ ಲೆಕ್ಕ. ಮೊದಲ ಖರ್ಚು..." ಹುಡುಗಿ ನಿಂತಳು. "ದಯವಿಟ್ಟು ಹೋಗಿ ಮೇಡಂ. ಹೇಗಾದ್ರೂ ಮಾಡಿ ಹೋಗಿ. ಇದು ಅವರು ಬರೆದುಕೊಟ್ಟ ಮಾತಲ್ಲ."

ಥೆಲ್ಮಾ ಮೊಣಕೈಯಿಂದ ಫೋನು ಆರಿಸಿದಳು. "ಪಾಪ, ಅದೂ ಹೊಟ್ಟೆಪಾಡು" ಅಂದಳು. ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಅವಳು ಡಾಕ್ಟರ ಹತ್ತಿರ ಹೋದದ್ದು ಹಿಮ ಕರಗಿದ ಮೇಲೆ. ಅದರ ಖರ್ಚಿಗೆ ತನ್ನ ಕಾರು ಮಾರಿದ್ದಳು. ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ. ಯಾವ ಡಾಕ್ಟರು ಬೇಕೋ ಅವರ ಹತ್ತಿರ ಹೋಗಬಹುದಿತ್ತಲ್ಲ, ಪಿಟ್ಸ್‌ಬರ್ಗಿನ ದೊಡ್ಡ ಆಸ್ಪತ್ರೆಗೇ ಹೋದೆವು. ಎಳೇ ವಯಸ್ಸಿನ ಡಾಕ್ಟರಮ್ಮ. ನೋಡಿದಳು, ಮುಟ್ಟಿದಳು, ಕುರ್ಚಿ ಹತ್ತಿರ ಎಳೆದುಕೊಂಡಳು.

"ಇಷ್ಟು ದಿನ ಯಾಕೆ ಬರಲಿಲ್ಲ? ಯಾರಾದ್ರೂ ತಡೆದ್ರಾ?"

"ಇಲ್ಲ ಡಾಕ್ಟ್ರೇ" ಅಂದಳು ಥೆಲ್ಮಾ. "ಯಾರೂ ತಡೀಲಿಲ್ಲ."

ವಾಪಸು ಬರುವಾಗ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ನದಿಯ ಸೇತುವೆ ದಾಟುವಾಗ ಮಾತಾಡಿದಳು.

"ಆ್ಯಂಡಿ ಸತ್ತಾಗ ಬೈಯೋಕೆ ಒಬ್ಬರಿದ್ರು ಕಣೇ. ಗಾಜಿನ ಕಟ್ಟಡ ಇತ್ತು, ಹೋಗಿ ಕೂಗಿದ್ವಿ. ಈಗ ಯಾರ ಮುಂದೆ ಕೂಗ್ಲಿ? ಬೇಡ ಅಂದಿದ್ದು ನಾನೇ. ನನ್ನ ಬಾಯಲ್ಲೇ ಹೇಳಿಸಿದ್ರು."

ಕಾರು ಓಡಿಸಿದೆ.

ಮೊದಲ ಖರ್ಚು ದಾಟಿತು. ಆಮೇಲೆ ವಿಮೆಯವರು ಒಂದು ಮಾತೂ ಆಡದೆ ಎಲ್ಲಕ್ಕೂ ಕೊಟ್ಟರು. ಕೂದಲು ಉದುರಿಸೋ ಔಷಧಿ, ಶಸ್ತ್ರಕ್ರಿಯೆ, ನೋವಿನ ಮದ್ದು, ಕಡೆಯ ದಿನಗಳ ಹಾಸಿಗೆ. ಅದು ನಿಜ, ಅದನ್ನೂ ಹೇಳಬೇಕು. ಕೊಡಲು ಅವರು ತಯಾರಿದ್ದರು, ಬದುಕಲು ಅವಳಿಗೇ ಹೊತ್ತು ಮೀರಿತ್ತು. ಮರುವರ್ಷ ಈಸ್ಟರ್ ಹಬ್ಬಕ್ಕೆ ಮುಂಚೆ ಥೆಲ್ಮಾಳನ್ನು ಆ್ಯಂಡಿಯ ಪಕ್ಕದಲ್ಲೇ ಮಲಗಿಸಿದೆವು. ಅವಳ ಜಾಗಕ್ಕೆ ಹೊಸಬಳು ಬಂದಳು. ಧೂಳಿನ ಮುಖವಾಡ ಕಟ್ಟೋದು ಹೇಗೆ ಅಂತ ನಾನೇ ತೋರಿಸಿಕೊಟ್ಟೆ. ತೋರಿಸುವಾಗ ಕಣ್ಣು ಮಂಜಾಗಿ ದಾರವೇ ಕಾಣಲಿಲ್ಲ.

ಶರತ್ಕಾಲಕ್ಕೆ ಪ್ರೆಸ್ಕಾಟ್ ಮತ್ತೆ ಬಂದ. ಈ ಸಲ ಕೇಕು. ಹೊಸ ವರ್ಷದಿಂದ ಮೊದಲ ಖರ್ಚು ಇನ್ನೂ ಏರುತ್ತದಂತೆ.

"ಇದು ಪೂರಾ ನಿಮ್ಮ ಕೈಲಿರೋ ವಿಮೆ. ನಿಮ್ಮ ದೇಹ, ನಿಮ್ಮ ಹಣ, ನಿಮ್ಮ ಆಯ್ಕೆ. ಬಾಗಿಲ ಡಾಕ್ಟರು ಹೋದ ಮೇಲೆ ಯಾವತ್ತಾದ್ರೂ, ಯಾರಿಗಾದ್ರೂ ನಾವು ಬೇಡ ಅಂದಿದ್ದೀವಾ? ಹೇಳಿ."

ಅವನು ಹೇಳಿದ್ದು ನಿಜವೇ ಅಲ್ಲವೇ? ನಾನು ಸಭೆಯಲ್ಲಿ ಎದ್ದು ನಿಂತವಳಲ್ಲ. ಯಾವಾಗ ಎದ್ದೆನೋ ತಿಳಿಯಲಿಲ್ಲ.

"ಥೆಲ್ಮಾ ಕೊವಾಚ್ ಬೇಡ ಅಂದ್ಕೊಂಡ್ಳು. ಸತ್ಲು" ಅಂದೆ. "ನಾನೂ ಬೇಡ ಅಂದಿದ್ದೀನಿ. ಸಕ್ಕರೆ ಕಾಯಿಲೆ ಮಾತ್ರೆ ಅರ್ಧ ಮುರಿದು ನುಂಗ್ತಿದ್ದೀನಿ. ಇಲ್ಲಿ ಇನ್ಯಾರ್ಯಾರು ಬೇಡ ಅಂದಿದ್ದೀರಿ? ಬಾಯಿ ಬಿಟ್ಟು ಹೇಳಿ."

ಎಲ್ಲರೂ ತಟ್ಟೆ ನೋಡುತ್ತಿದ್ದರು. ನಮ್ಮಲ್ಲಿ ದುಡ್ಡಿಲ್ಲ ಅನ್ನೋದಕ್ಕಿಂತ ದೊಡ್ಡ ನಾಚಿಕೆ ಇನ್ನೊಂದಿಲ್ಲ. ಆಮೇಲೆ ಬೇಸಿನ್ನು ಸುಡುವ ಕುಲುಮೆಯ ಕಡೆಯವನೊಬ್ಬ, "ನನ್ನ ಮಗಳ ಕಿವಿ" ಅಂದ. ಅಷ್ಟೇ ಹೇಳಿ ನಿಲ್ಲಿಸಿದ. ಹಿಂದಿನಿಂದ ಒಬ್ಬಳು, "ನನ್ನಮ್ಮನ ಕಣ್ಣು" ಅಂದಳು. ಹೊಸ ಹುಡುಗಿಯೂ ಎದ್ದಳು, ಅಳುತ್ತಾ ಕೂತಳು. ಹಲ್ಲು, ಬೆನ್ನು, ಮೂತ್ರದಲ್ಲಿ ರಕ್ತ. ಪಕ್ಕದಲ್ಲೇ ಕೂತು ಉಣ್ಣುವವರ ನೋವು ನಮಗೇ ಗೊತ್ತಿರಲಿಲ್ಲ.

ಕಡೆಗೆ ಲೆರಾಯ್. ಯಾವಾಗಲೂ ಕುಚೋದ್ಯ ಮಾಡುವವನು, ಅಂಗಿಯ ಗುಂಡಿ ಬಿಚ್ಚಿ ಎದೆಯ ಮೇಲೆ ಕೈಯಿಟ್ಟ.

"ಬೇಸಿಗೆಯಿಂದ ಇಲ್ಲಿ ಹಿಡಿದ ಹಾಗಾಗುತ್ತೆ. ಎಡಗೈ ಜೋಮು. ಈಗಲೂ ಆಗ್ತಿದೆ. ಗ್ಯಾಸು ಅಂತ ನನಗೆ ನಾನೇ ಹೇಳ್ಕೊಂಡಿದ್ದೆ."

ಅವನ ಹಣೆ ಬೆವೆತಿತ್ತು. ಪ್ರೆಸ್ಕಾಟ್, "ಇವರು ಖಂಡಿತ ಡಾಕ್ಟರಿಗೆ ತೋರಿಸ್ಬೇಕು" ಅಂದ.

"ತೋರಿಸ್ತೀವಿ" ಅಂದೆ. "ಏಳೋ ಲೆರಾಯ್. ಬೇಕೋ ಬೇಡ್ವೋ ಅಂತ ನಿನ್ನನ್ನ ಕೇಳ್ತಿಲ್ಲ ಇವತ್ತು."

"ನೋರೀನ್, ನನ್ನ ಹತ್ರ..."

"ಬಾಯ್ಮುಚ್ಚು."

ಕೇಕು ಅಲ್ಲೇ ಉಳಿಯಿತು. ಮೇಲ್ವಿಚಾರಕ ಗಂಟೆ ಬಾರಿಸಿದ. ಯಾರೂ ಕುಲುಮೆಯ ಕಡೆ ತಿರುಗಲಿಲ್ಲ. ಕಾರುಗಳು ಸಾಲಾಗಿ ಹೊರಟವು. ಆಸ್ಪತ್ರೆಯ ತುರ್ತು ಬಾಗಿಲಲ್ಲಿ ಲೆರಾಯ್‌ನನ್ನು ಗಾಲಿಕುರ್ಚಿಯಲ್ಲಿ ಒಳಗೆ ಕರೆದುಕೊಂಡು ಹೋದರು. ಅವನು ತಿರುಗಿ ನೋಡಿದ. ಅಷ್ಟು ದೊಡ್ಡ ಗಂಡಸು, ಮಗುವಿನ ಹಾಗೆ ಹೆದರಿದ್ದ.

ಕೌಂಟರಿನ ಹೆಂಗಸು ಕಂಪ್ಯೂಟರಿನಿಂದ ತಲೆಯೆತ್ತಿ ನಮ್ಮನ್ನೆಲ್ಲ ನೋಡಿದಳು. ಬಿಳಿ ಮೆತ್ತಿದ ಕೂದಲು, ಬಿಳಿ ಮೆತ್ತಿದ ಅಂಗಿ. ಕಾಯುವ ಕೋಣೆಯ ತುಂಬ ನಾವೇ.

"ಈ ರೋಗಿಗೆ ಹೊಣೆ ಯಾರು?" ಅಂತ ಕೇಳಿದಳು.

"ನಾವೂ ಅದನ್ನೇ ಕೇಳೋಣ ಅಂತ ಬಂದಿದ್ದೀವಮ್ಮ" ಅಂದೆ. "ವಿಮೆಯವರಿಗೆ ಫೋನು ಮಾಡು. ಕಾರ್ಖಾನೆ ಧಣಿಗೂ ಮಾಡು. ಯಾರಾದ್ರೂ ಒಬ್ಬರು ಬಂದು ನಮ್ಮ ಮುಖ ನೋಡಿ ಹೇಳೋ ತನಕ ನಾವು ಏಳಲ್ಲ."

ಕುರ್ಚಿಗಳು ಸಾಲಲಿಲ್ಲ. ಉಳಿದವರು ನೆಲದ ಮೇಲೆ ಕೂತರು.