ಸೋಮವಾರದ ಪಂಪು

ಬೆಳಿಗ್ಗೆ ಶೀತಲ್ ಶೆಡ್ಡಿನ ಬಾಗಿಲು ತೆರೆಯುವುದು ನನ್ನ ಕೋಣೆಗೆ ಕೇಳಿಸುತ್ತದೆ. ಮೊದಲು ಚಿಲಕ, ಆಮೇಲೆ ಅವಳ ಬಳೆ, ಆಮೇಲೆ ಒಳಗಿನ ಪಂಪಿನ ಗುಂಯ್ ಎನ್ನುವ ದನಿ.

ಶೀತಲ್ ನನ್ನ ಮೈದುನ ಅಪ್ಪುವಿನ ಹೆಂಡತಿ. ದೊಡವಾಡದಿಂದ ಬೈಲಹೊಂಗಲಕ್ಕೆ ಹೋಗುವ ರಸ್ತೆಗೆ ಹತ್ತಿದ ನಮ್ಮ ಹೊಲದ ಮೂಲೆಯಲ್ಲಿ, ಮನೆಯ ಪಕ್ಕದ ಈ ಶೆಡ್ಡಿನಲ್ಲಿ, ಚಾರ್ಜಿಂಗ್ ಸ್ಟೇಶನ್ ಇದೆ. ಅದನ್ನು ಅವಳು ನೋಡಿಕೊಳ್ಳುತ್ತಾಳೆ. ಅದು ಅಲ್ಲಿ ಆಗಬೇಕೆಂದು ಮೊದಲು ಹೇಳಿದವನು ನನ್ನ ಗಂಡ ಮಧು. ಊರಿನ ಲೈನಿಗೆ ಎರಡು ಕಾರು ಒಟ್ಟಿಗೆ ಹಚ್ಚಿದರೆ ಸುತ್ತಲಿನ ಮನೆಗಳ ದೀಪ ಮಂಕಾಗುತ್ತದೆ, ಅದಕ್ಕೆ ಫ್ಲೋ ಬ್ಯಾಟರಿ ಬೇಕು ಎಂದವಳು ನಾನು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದ್ದೆ. ಎರಡು ದೊಡ್ಡ ಟಾಕಿ, ಅವುಗಳಲ್ಲಿ ವೆನೇಡಿಯಂ ಕರಗಿದ ಆಮ್ಲ. ಹಗಲೆಲ್ಲ ಸೋಲಾರ್ ಕರೆಂಟು ಆ ದ್ರವದಲ್ಲಿ ಕೂಡಿಕೊಳ್ಳುತ್ತದೆ, ಸಂಜೆ ಗಾಡಿಗಳಿಗೆ ಹೋಗುತ್ತದೆ. ಪಂಪು ಅದನ್ನು ತಿರುಗಿಸುತ್ತಲೇ ಇರುತ್ತದೆ. ಒಂದು ಟಾಕಿಯ ಪಾರದರ್ಶಕ ಕೊಳವೆಯಲ್ಲಿ ಬಣ್ಣ ಕಾಣುತ್ತದೆ. ಖಾಲಿಯಾದಾಗ ನೀಲಿ, ತುಂಬಿದಾಗ ಹಳದಿ.

ಯಂತ್ರ ಬರುವಷ್ಟರಲ್ಲಿ ಮಧು ತೀರಿಕೊಂಡಿದ್ದ. ಬೋಣಿಗೆ ಮುತ್ತೈದೆಯ ಕೈ ಇರಲಿ ಎಂದರು ಅತ್ತೆ ರಾಚವ್ವ. ಬೆಳಿಗ್ಗೆ ಎದ್ದು ಗಾಡಿ ಹೊರಡಿಸುವವರು ನನ್ನ ಮುಖ ನೋಡಲಾರರು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಯಂತ್ರ ಕೊಟ್ಟ ಕಂಪನಿಯ ಇಂಗ್ಲಿಷ್ ಪುಸ್ತಕವನ್ನು ಶೀತಲ್‌ಗೆ ತಿಳಿಸಿಕೊಡು ಎಂದರು. ತಿಳಿಸಿಕೊಟ್ಟೆ.

ಮಧು ಹೋದಾಗ ನನಗೆ ಅಳು ಬಂದಿರಲಿಲ್ಲ. ಆಮೇಲೂ ಒಳಗೆ ಏನೂ ಮಿಸುಕಲಿಲ್ಲ. ಶೀತಲ್ ಆ ಕೊಳವೆಯ ಮುಂದೆ ನಿಂತು ಆಟೋ ಸಂಗಪ್ಪನಿಗೆ, "ನೋಡಣ್ಣಾ, ಅರಿಷಿಣ ಆಗೇತಿ, ಹಚ್ಚು ನಿನ್ನ ಗಾಡಿ" ಅಂದದ್ದು ಕೇಳಿದ ದಿನ ಮಿಸುಕಿತು. ಅರಿಷಿಣ ಎಂಬ ಮಾತು ನನ್ನದು. ಅವಳಿಗೆ ನೆನಪಿರಲೆಂದು ನಾನೇ ಕೊಟ್ಟದ್ದು.

"ಅರಿಷಿಣ ಅಲ್ಲಬೇ, ನಿನ್ನ ಬ್ಯಾಟ್ರಿಗೆ ಕಾಮಣಿ ಬ್ಯಾನಿ ಆಗೇತಿ," ಅಂದ ಸಂಗಪ್ಪ.

"ಕಾಮಣಿ ನಿನ್ನ ಆಟೋಕ್ಕ. ಏಣಗಿ ಊರ ದಾಟೂದ್ರಾಗ ಮಕ್ಕೋತೇತಿ."

ಅಪ್ಪು ಮಜ್ಜಿಗೆ ತಂದವನು ನಿಂತು ನಕ್ಕ. ಲೋಟವನ್ನು ಅವಳ ಕೈಗೇ ಕೊಟ್ಟ. ನಾನು ಒಳಗೆ ಬಂದೆ. ಆವತ್ತಿನಿಂದ ಅವಳ ನಗು ಎಷ್ಟು ಹೊತ್ತಿಗೆ ಕೇಳಿಸುತ್ತದೆ, ಯಾರ ಗಾಡಿ ಬಂದಾಗ ಕೇಳಿಸುತ್ತದೆ ಎಂದು ಕಿವಿ ತಾನಾಗಿಯೇ ಹಿಡಿಯತೊಡಗಿತು.

ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನ ದಿನ. ಟ್ರ್ಯಾಕ್ಟರ್ ಬಂದ ಮೇಲೆ ಅದನ್ನೂ ಆ ದಿನ ಹೊರಗೆ ಬಿಡುತ್ತಿರಲಿಲ್ಲ. ಯುಗಾದಿಯ ನಂತರ ಅತ್ತೆಗೆ ಪಂಪಿನ ಮೇಲೆ ಕನಿಕರ ಹುಟ್ಟಿತು. ಹಗಲು ರಾತ್ರಿ ಒದ್ದಾಡುವ ಜೀವ, ಅದಕ್ಕೂ ಒಂದು ದಿನ ಬಿಡುವು ಬೇಡವೇ ಎಂದು ಶೀತಲ್‌ಗೆ ಹೇಳಿದರಂತೆ. ಅವಳು ಯಂತ್ರಕ್ಕೆ ವಿಭೂತಿ ಹಚ್ಚಿ, ಮೇನ್ ಸ್ವಿಚ್ ಇಳಿಸಿ, ಬಾಗಿಲು ಮುಂದೆ ಮಾಡಿದಳು. ನನಗೆ ಯಾರೂ ಹೇಳಲಿಲ್ಲ.

ಮಧ್ಯಾಹ್ನ ಮಾಳಿಗೆಯ ಮೇಲೆ ಸಂಡಿಗೆ ತಿರುವಿ ಹಾಕುತ್ತಿದ್ದಾಗ ಏನೋ ಕಡಿಮೆಯಾದಂತೆ ಅನಿಸಿತು. ಗುಂಯ್ ಎನ್ನುವ ದನಿ ಇರಲಿಲ್ಲ.

ಶೆಡ್ಡಿನೊಳಗೆ ಒಲೆಯ ಮುಂದೆ ನಿಂತಂತೆ ಸೆಕೆ. ಹಿಂದಿನ ದಿನ ಗಾಡಿಗಳು ಕಡಿಮೆ ಬಂದಿದ್ದವು. ಟಾಕಿ ತುಂಬಿತ್ತು, ಕೊಳವೆ ದಟ್ಟ ಹಳದಿ. ಪಂಪೂ ಇಲ್ಲ, ತಂಪು ಮಾಡುವ ಯಂತ್ರವೂ ಇಲ್ಲ. ತುಂಬಿದ ದ್ರವ ಹೀಗೆ ಕಾದು ನಿಂತರೆ ವೆನೇಡಿಯಂ ಗಸಿಯಾಗಿ ತಳಕ್ಕೆ ಕೂರುತ್ತದೆ. ಆಮೇಲೆ ಪಂಪು ಹಚ್ಚಿದಾಗ ಆ ದಪ್ಪ ಗಸಿ ಒಳಗಿನ ಸಂದುಗಳಲ್ಲಿ ಸಿಕ್ಕಿಕೊಂಡರೆ ಬ್ಯಾಟರಿ ಮುಗಿಯಿತು. ನಡೆಸುವವರ ತಪ್ಪಿನಿಂದ ಕೆಟ್ಟರೆ ಸ್ಟೇಶನ್ ನಡೆಸುವುದು ಬೇರೆಯವರಿಗೆ ಹೋಗುತ್ತದೆ ಎಂದು ಕಂಪನಿಯವರು ಮೊದಲೇ ಹೇಳಿದ್ದರು.

ನಾನು ಮಾಳಿಗೆಗೆ ಮರಳಿದರೆ ಸಾಕಿತ್ತು. ಸಂಡಿಗೆ ಇನ್ನೂ ಅರ್ಧ ಉಳಿದಿತ್ತು.

ಶೀತಲ್‌ಳ ಕುರ್ಚಿಯಲ್ಲಿ ಕೂತೆ. ಅವಳೇ ಹೊಲಿದ ಮೆತ್ತೆ, ಮೇಜಿನ ಮೇಲೆ ಅವಳ ಬಾಚಣಿಕೆ. ನಾಳೆ ಬಾಗಿಲಲ್ಲಿ ನಿಂತು ಅಳುವ ಅವಳನ್ನು ಕಣ್ಣ ಮುಂದೆ ತಂದುಕೊಂಡೆ. ಹಿತವಾಗಿತ್ತು. ಆಮೇಲೆ ಅಪ್ಪು ಬಂದು ಅವಳ ಹೆಗಲು ಹಿಡಿಯುವುದೂ ಕಂಡಿತು. ಆಗ ಹಿತವಾಗಲಿಲ್ಲ. ಸ್ಟೇಶನ್ ಹೋದರೂ ಅವಳಿಗೆ ಅಷ್ಟು ಉಳಿಯುತ್ತಿತ್ತು. ನನಗೆ ಗೋಡೆಯಾಚೆಯ ಪಂಪಿನ ದನಿಯೂ ಇರುತ್ತಿರಲಿಲ್ಲ.

ಕೊಳವೆಯ ತಳದಲ್ಲಿ ಗಸಿಯ ತೆಳ್ಳನೆ ಕೆಂಪು ಗೆರೆ ಮೂಡತೊಡಗಿತ್ತು. ಅದು ದಪ್ಪವಾಗುವ ಮೊದಲೇ ಎದ್ದು ಸ್ವಿಚ್ ಏರಿಸಿದೆ.

ಸದ್ದಿಗೆ ಶೀತಲ್ ಓಡಿಬಂದಳು, ಹಿಂದೆ ಅತ್ತೆ.

"ಅಕ್ಕಾರ, ಬ್ಯಾಡ್ರಿ. ಸೋಮವಾರ ಐತಿ."

"ಬಿಸಲಾಗ ನಿಲ್ಲಸಬಾರದು ಅಂತ ಹೇಳಿದ್ದಿಲ್ಲ ನಿನಗ?"

ಅವಳು ಅತ್ತೆಯ ಮುಖ ನೋಡಿದಳು. ನಾನೂ ಅತ್ತೆಯ ಕಡೆಗೇ ತಿರುಗಿದೆ.

"ಇದು ದುಡಿಯೂದಲ್ಲರಿ ಅತ್ತಿ, ಉಸರಾಡೂದು. ಸೋಮವಾರಂತ ಎತ್ತಿನ ಮೂಗ ಹಿಡೀತೀರೇನು?"

ಅತ್ತೆ ಪಂಪಿನ ಮೇಲೆ ಅಂಗೈ ಇಟ್ಟು ನೋಡಿದರು.

"ನಡೀಲಿ ಹಂಗಾರ. ಆದ್ರ ಶೀತಲ್ ಸೋಮವಾರ ಇದನ್ನ ಮುಟ್ಟೂದು ಬ್ಯಾಡ, ಮುತ್ತೈದಿ, ಅಕಿಗೆ ವಾರದ ನೇಮ ಐತಿ. ನೀ ಕುಂದ್ರು. ನಿನಗ್ಯಾವ ಸೋಮವಾರ?"

ಸಿಟ್ಟಿನಿಂದ ಅಂದದ್ದಲ್ಲ. ಇದ್ದದ್ದನ್ನು ಇದ್ದಂತೆ ಅಂದರು.

ಸಂಜೆ ಎರಡು ಗಾಡಿಗೆ ಕೊಟ್ಟು ಹಳದಿ ಇಳಿದಾಗ ಕೆಂಪು ಗೆರೆ ಕರಗಿತು. ಕಂಪನಿಯಿಂದ ಫೋನು ಬಂತು. ಯಂತ್ರ ನಿಂತದ್ದು ಅವರಿಗೆ ಅಲ್ಲಿಂದಲೇ ಗೊತ್ತಾಗಿತ್ತು. ಫ್ಯೂಸು ಹೋಗಿತ್ತು, ನೋಡಿದ ಕೂಡಲೇ ಹಾಕಿದೆ ಎಂದಳು ಶೀತಲ್. ಶಾಣ್ಯಾ ಇದ್ದೀರಿ ಅಂದರಂತೆ. ಅದನ್ನು ಅಪ್ಪುವಿಗೆ ಎರಡು ಸಲ ಹೇಳಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ರೊಟ್ಟಿಯ ಅಂಚು ಹರಿಯಿತು, ಮತ್ತೆ ಕೂಡಿಸಿದೆ.

ಮುಂದಿನ ಸೋಮವಾರ ಬಾಗಿಲು ತೆರೆದವಳು ನಾನು. ಸಂಗಪ್ಪ ಆಟೋ ನಿಲ್ಲಿಸಿ ನನ್ನ ಬಳೆಯಿಲ್ಲದ ಕೈ ನೋಡಿದ, ಮನೆಯ ಕಡೆ ನೋಡಿದ. ಅವನ ಗಾಡಿಯಲ್ಲಿ ಚಾರ್ಜಿನ ಒಂದೇ ಗೆರೆ ಉಳಿದಿತ್ತು. ಬೈಲಹೊಂಗಲದವರೆಗೆ ಬೇರೆ ಸ್ಟೇಶನ್ ಇಲ್ಲ.

"ಶೀತಲಕ್ಕ ಇಲ್ಲೇನ್ರಿ?"

"ಸೋಮವಾರ ಇರೂದಿಲ್ಲ."

ಅವನು ಕೆಮ್ಮಿದ, ಟೋಪಿ ಸರಿಪಡಿಸಿಕೊಂಡ, ಕೊನೆಗೆ ಗಾಡಿಯ ಮುಚ್ಚಳ ತೆಗೆದ. ನಾನು ವಾಯರು ಹಚ್ಚಿದೆ.

ಅಡಿಗೆಮನೆಯ ಕಿಟಕಿಯಲ್ಲಿ ಶೀತಲ್ ನಿಂತಿದ್ದಳು. ಕೈಯೆಲ್ಲ ಜೋಳದ ಹಿಟ್ಟು. ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಶೆಡ್ಡಿನವರೆಗೆ ಬರುತ್ತಿತ್ತು, ಅವಳಿಗೆ ಬಂದಂತಿರಲಿಲ್ಲ. ಆ ನೋಟ ನನಗೆ ಗೊತ್ತು, ಇಷ್ಟು ದಿನ ಅದು ನನ್ನದಾಗಿತ್ತು.

"ಕುಂದರ್ರಿ ಸಂಗಪ್ಪಣ್ಣಾ, ಚಾ ಮಾಡತೇನಿ," ಅಂದೆ, ಕಿಟಕಿಗೆ ಕೇಳುವಷ್ಟು ಗಟ್ಟಿಯಾಗಿ.